ಸರಿ ಇರೋದನ್ನ ಮಾತ್ರ

ಗೆಂಡೆಯ ತಲೆಗೆ ಕತ್ತರಿ ಇಡುವ ಮುಂಚೆ ಒಂದು ಡೈಲಾಗ್ ಹೊಡೆಯದೆ ಪುಟ್ಟರಾಜು ಎರಡು ವರ್ಷದಲ್ಲಿ ಒಂದು ಮೀನನ್ನೂ ಮುಟ್ಟಿದವನಲ್ಲ. ಪ್ರಜ್ಞೆ ತಪ್ಪಿಸಲು ಲವಂಗದ ಎಣ್ಣೆ ಬಿಟ್ಟ ನೀರಿನಲ್ಲಿ ಮೀನು ಮಗ್ಗುಲಾಗಿ ಕಿವಿರಾಡಿಸುವುದನ್ನು ನಿಲ್ಲಿಸಿದ ಮೇಲೆ ಅದನ್ನೆತ್ತಿ ಎಡಗೈಯಲ್ಲಿಟ್ಟುಕೊಂಡು, ಇಲ್ಲದ ಕೂಲಿಂಗ್ ಗ್ಲಾಸನ್ನು ಮೂಗಿನ ಮೇಲೆ ಏರಿಸಿಕೊಂಡು, "ಹುಟ್ಟಿದ್ದು ಕಾವೇರೀಲಿ, ಮೆರೆದಿದ್ದು ಕಾವೇರೀಲಿ. ಆದ್ರೆ ಮಗನೇ, ನಿನ್ನ ಕ್ಲೈಮ್ಯಾಕ್ಸು ಮಾತ್ರ ಈ ಪುಟ್ಟರಾಜನ ಟೇಬಲ್ ಮೇಲೆ!" ಎನ್ನುವನು. ಬಾಗಿಲ ಬಳಿ ಗಾಜು ತೊಳೆಯುವ ಅಟೆಂಡರ್ ಸಣ್ಣಸ್ವಾಮಿ ಸಿಳ್ಳೆ ಹಾಕುವನು. ಇವತ್ತು ಮೀನು ಅಂಗೈಯಲ್ಲಿತ್ತು, ಕತ್ತರಿ ಬೆರಳಲ್ಲಿತ್ತು, ಬಾಯಲ್ಲಿ ಮಾತ್ರ ಏನೂ ಇರಲಿಲ್ಲ. "ಯಾಕ್ಲಾ ಹೀರೋ, ಡಬ್ಬಿಂಗ್ ಆಗಿಲ್ವಾ?" ಎಂದ ಸಣ್ಣಸ್ವಾಮಿ. ಪುಟ್ಟರಾಜು ನಗಲು ನೋಡಿದ. ನಗು ಅರ್ಧಕ್ಕೆ ಬಂದು, ಕರೆಂಟು ಹೋದ ಟೆಂಟಿನ ಪರದೆಯಂತೆ ಅಲ್ಲೇ ನಿಂತಿತು. ಮೀನನ್ನು ತೆಗೆದು ಒಳ್ಳೆಯ ನೀರಿನ ಟಬ್ಬಿಗೆ ಬಿಟ್ಟುಬಿಟ್ಟ. ಅದು ಸ್ವಲ್ಪ ಹೊತ್ತು ಸತ್ತಂತೆ ತೇಲಿ, ಒಮ್ಮೆ ಬಾಯಿ ತೆರೆದು, ಬಾಲ ಕೊಡವಿ, ತನ್ನ ತಲೆಯೊಳಗೆ ಏನೇನು ಹೆಚ್ಚುಕಮ್ಮಿ ಇದೆಯೆಂಬ ಗೊಡವೆಯೇ ಇಲ್ಲದೆ ಟಬ್ಬಿನ ಅಂಚು ಸುತ್ತತೊಡಗಿತು. ಅದರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಕಾಲು ಗಂಟೆ ಹಿಂದೆ ಜಯಪ್ರಕಾಶ್ ಸರ್ ಒಳಗೆ ಕರೆದಿದ್ದರು. ಕುಶಾಲನಗರದಾಚೆ ಹೊಳೆದಂಡೆಯ ಹಳೇ ಕಾಫಿ ಗೋದಾಮಿನಲ್ಲಿ ನಡೆಯುವ ಈ ಮೀನಿನ ಲ್ಯಾಬಿಗೆ ಅವರೇ ದೊಡ್ಡವರು. ದೊಡ್ಡ ದನಿ ಮಾತ್ರ ಇಲ್ಲ. ಬೈಯಬೇಕಾದಾಗ ಕೂಡ ತಾವೇ ತಪ್ಪು ಮಾಡಿದವರಂತೆ ಮೇಜಿನ ಮೇಲಿನ ಪೆನ್ಸಿಲ್ ಜೋಡಿಸುತ್ತ ಕೂರುವರು. ಇವತ್ತೂ ಜೋಡಿಸುತ್ತಿದ್ದರು. "ಕೂತ್ಕೊ ಪುಟ್ಟರಾಜು. ಬೇರೆ ಕಡೆಯವ್ರು ಎಣಿಸಿದ್ದು ಓದ್ದೆ ನಿನ್ನೆ. ಬೇರೆ ಜಾತಿ ಮೀನು. ನಮ್ಮ ನಿಮ್ಮ ತಲೇಲಿ ಸೆಲ್ ಸತ್ರೆ ಬಹುತೇಕ ಸತ್ತ ಹಾಗೇನೇ. ಮೀನಿಗೆ ದೊಡ್ಡದಾದ್ಮೇಲೂ ಮೆದುಳಲ್ಲಿ ಹೊಸ ಸೆಲ್ ಹುಟ್ತಾನೇ ಇರುತ್ತೆ, ಅದು ಗೊತ್ತಿರೋದೇ. ಆದ್ರೆ ಆ ಹೊಸ ಸೆಲ್‌ಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಕ್ರೋಮೋಸೋಮು ಲೆಕ್ಕಕ್ಕೇ ಬರಲ್ವಂತೆ ಕಣೋ. ಒಂದರಲ್ಲಿ ಎರಡು ಕಮ್ಮಿ, ಇನ್ನೊಂದರಲ್ಲಿ ಒಂದು ಜಾಸ್ತಿ. ತಪ್ಪಿರೋದೇ ಅಲ್ಲಿ ಮಾಮೂಲು." ಅವರು ಕಿಟಕಿ ನೋಡಿದರು. "ನಮ್ಮ ಗೆಂಡೇಲಿ ನೋಡು. ಐವತ್ತು, ಐವತ್ತು, ಐವತ್ತು. ಸಾವಿರದ ಇನ್ನೂರು ಸೆಲ್ ಎಣಿಸಿದೀಯ, ಒಂದೂ ತಪ್ಪಿಲ್ಲ. ನಾನೇ ಎಲ್ಲೋ ಎಡವಿದೀನಿ. ಬಣ್ಣ ಹಾಕೋದ್ರಲ್ಲೋ, ಏನೋ." ಪುಟ್ಟರಾಜು ಕೂತ ಕುರ್ಚಿಯ ಒಂದು ಕಾಲು ಗಿಡ್ಡ. ಅದು ಟಕ್ ಎಂದಿತು. ಅವರು ಅನುಮಾನಪಟ್ಟಿದ್ದರೆ ಒಂದು ಫೈಟ್ ಸೀನಾದರೂ ಸಿಗುತ್ತಿತ್ತು; ಅನುಮಾನವೇ ಪಡದೆ ತಮ್ಮನ್ನೇ ಹಳಿದುಕೊಳ್ಳುವ ಮನುಷ್ಯನ ಎದುರು ವಿಲನ್ ಆದವನು ಕೈ ಎಲ್ಲಿಟ್ಟುಕೊಳ್ಳಬೇಕು?

"ಆ ಹುಡುಗಿ ರಶ್ಮಿತಾ ಎಣಿಸಿದ ಸ್ಲೈಡ್ ಇದ್ಯಾ?" ಎಂದರು.

"ತೊಳ್ದಾಕ್ಬುಟ್ವಿ ಸಾ. ಲೆಕ್ಕ ತಪ್ಪಿರೋವು ತೊಳ್ದು ವಾಪಸ್ ಬಳಸಿ ಅಂದಿದ್ರಲ್ಲ."

"ಅಂದಿದ್ದೆ. ಹ್ಞೂಂ. ಅಂದಿದ್ದೆ." ಪೆನ್ಸಿಲ್ ಮತ್ತೆ ಸಾಲಾಯಿತು. "ಅವಳ ರಫ್ ಬುಕ್ಕು?"

"ತಗೊಂಡೋದ್ಲು ಸಾ."

"ತಿತಿಮತಿ ಅಲ್ವಾ ಅವಳ ಮನೆ? ಹೋಗ್ಬಾ. ಫೋನಲ್ಲಿ ಕೇಳೋ ಮಾತಲ್ಲ ಇದು, ನಂಗೆ ನಾಚಿಕೆ. ಹೊಸದಾಗಿ ಶುರು ಮಾಡೋಣ ಅಂದ್ರೆ ಮಾರ್ಚಿಗೆ ಪ್ರಾಜೆಕ್ಟೇ ಮುಗಿಯುತ್ತೆ. ಆ ಬುಕ್ಕಲ್ಲಿ ನಲವತ್ತೇಳು, ನಲವತ್ತಾರು, ಐವತ್ತೊಂದು ಅಂತ ಇದ್ದೇ ಇರುತ್ತೆ. ದಿನಾ ತಂದು ತೋರಿಸೋಳು, ನಾನೇ ಕಣ್ಣು ಪರೀಕ್ಷೆ ಮಾಡಿಸಮ್ಮ ಅಂತ ಕಳಿಸಿದ್ದು. ಸಿಕ್ಕಿದ್ರೆ ಅವಳ ಹೆಸರಲ್ಲೇ ಬರೀತೀನಿ. ವಾಪಸ್ಸೂ ಕರೀತೀನಿ. ಒಬ್ಬರಿಗೇ ಜಾಗ ಇರೋದು ಅನ್ನೋದು ಇದೆ, ಅದನ್ನ ಆಮೇಲೆ ನೋಡೋಣ. ಸರೀನಾ?"

ಸರಿ ಸಾ, ಎಂದು ಅವನು ಎದ್ದಿದ್ದ. ಇಡೀ ಕಥೆ ಶುರುವಾದದ್ದೇ ಆ ಪದದಿಂದ ಎಂದು ಆಮೇಲೆ, ನೆಲ್ಲಿಹುದಿಕೇರಿ ಸೇತುವೆಯ ಮೇಲೆ ಕಾಫಿ ಕೊಯ್ಲಿನ ಆಳುಗಳನ್ನು ತುಂಬಿಕೊಂಡ ಜೀಪಿನ ಹಿಂದೆ ಬೈಕು ತೆವಳಿಸುತ್ತಿರುವಾಗ ಅವನಿಗೆ ಅನ್ನಿಸಿತು. ಟ್ಯಾಂಕಿನ ಮೇಲಿನ ಕವರಿನಲ್ಲಿ ಫೋನು ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಮೊದಲನೇ ದಿನ ಸರ್ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ನೇರಳೆ ಬಣ್ಣ ಹಿಡಿದ ಪುಟಾಣಿ ದಾರದ ತುಂಡುಗಳನ್ನು ತೋರಿಸಿ, ಇವೇ ಕ್ರೋಮೋಸೋಮು, ಗೆಂಡೆಗೆ ಇಪ್ಪತ್ತೈದು ಜೋಡಿ, ಅಂದಮೇಲೆ ಐವತ್ತು ಎಂದು ಹೇಳಿ, ಎದ್ದು ಹೋಗುತ್ತ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು: "ಸರಿ ಇರೋದನ್ನ ಮಾತ್ರ ಎಣಿಸು." ಅವರ ಅರ್ಥ ಇಷ್ಟೇ: ಒಂದರ ಮೇಲೊಂದು ಬೀಳದೆ ಚೆನ್ನಾಗಿ ಹರಡಿಕೊಂಡ ಸೆಲ್ಲನ್ನು ಮಾತ್ರ ಎಣಿಸು. ಮೊಳಕಾಲವರೆಗೆ ಶುಂಠಿ ಹೊಲದ ಕೆಸರು ಮೆತ್ತಿಕೊಂಡೇ ಶಾಲೆಗೆ ಹೋಗಿ, ಅರಕಲಗೂಡಿನ ಕಡೆಯಿಂದ ಬಂದ ಮೇಷ್ಟ್ರ ಬೆತ್ತದಡಿ ಸರಿ ಬೆಸ, ಸರಿ ಬೆಸ ಎಂದು ಮಗ್ಗಿ ಹೇಳಿದವನಿಗೆ ಕೇಳಿಸಿದ್ದು ಬೇರೆ. ಜೋಡಿ ಅಂದಮೇಲೆ ಸರಿ ಸಂಖ್ಯೆ ತಾನೆ? ಬೆಸ ಬಂದದ್ದನ್ನೆಲ್ಲ ಬಿಟ್ಟ. ನಲವತ್ತೇಳು ಬಿಟ್ಟ. ಐವತ್ತೊಂದು ಬಿಟ್ಟ. ನಲವತ್ತಾರು ಬಂದಾಗ ಇದು ಸರಿ ಸಂಖ್ಯೆಯೇ ಆದರೂ ಸರಿ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡು ಅದನ್ನೂ ಬಿಟ್ಟ. ವಾರದ ಕೊನೆಗೆ ಸರ್ ಅವನ ಪುಸ್ತಕ ನೋಡಿ, ಒಳ್ಳೇ ಕೈ ಕಣೋ ನಿಂದು, ಎಂದರು. ಹತ್ತನೇ ಕ್ಲಾಸು ಎರಡು ಸಲ ಕೂತವನಿಗೆ ಯಾರೂ ಯಾವತ್ತೂ ಹಾಗಂದಿರಲಿಲ್ಲ. ಆಮೇಲೆ ಐವತ್ತು ತಾನಾಗಿಯೇ ಬರತೊಡಗಿತು. ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎಂದು ಒಂದೊಂದೇ ಅಂಕಿ ಏರುವ ಪುಟ್ಟ ಎಣಿಕೆ ಯಂತ್ರ ಕೊಟ್ಟಿದ್ದರು. ಅದನ್ನು ಜೇಬಿನಲ್ಲಿ ಹಾಕಿಕೊಂಡು, ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟು, ಇನ್ನೊಂದು ಕಣ್ಣಿನಲ್ಲಿ ಡ್ರಾಯರಿನೊಳಗಿನ ಫೋನಿನಲ್ಲಿ ಸಿನಿಮಾ ನೋಡುತ್ತ, ಫೈಟ್ ಮುಗಿದಾಗೊಮ್ಮೆ ಹಾಡು ಮುಗಿದಾಗೊಮ್ಮೆ ಪೆನ್ಸಿಲಿನಲ್ಲಿ ಬರೆಯುವನು: 50. ನನಗೆ ಹಾಗೆ ಕೇಳಿಸಿತು ಸಾ, ಸರಿ ಅಂದ್ರೆ ನಾನು ಬೇರೆ ಅರ್ಥ ಮಾಡ್ಕೊಂಡೆ ಸಾ. ಸಿದ್ದಾಪುರ ಬರುವವರೆಗೆ ಹೆಲ್ಮೆಟ್ಟಿನೊಳಗೆ ಈ ಮಾತನ್ನು ಐದಾರು ದನಿಯಲ್ಲಿ ಹೇಳಿ ನೋಡಿದ. ಹೀರೋ ದನಿಯಲ್ಲಿ, ಹೀರೋನ ತಾಯಿಯ ದನಿಯಲ್ಲಿ, ಕೋರ್ಟಿನ ಕಟಕಟೆಯ ದನಿಯಲ್ಲಿ. ಮೊದಲ ವಾರದ ಮಟ್ಟಿಗೆ ಅದು ನಿಜ. ಮಿಕ್ಕ ನೂರು ವಾರಕ್ಕೆ ಯಾವ ದನಿಯೂ ಹೊಂದಲಿಲ್ಲ.

ಅವಳಿಗೆ ಮಾತ್ರ ಸರಿಯಾಗಿಯೇ ಕೇಳಿಸಿತ್ತು. ರಶ್ಮಿತಾ ಬಂದದ್ದು ಅವನಿಗಿಂತ ಎಂಟು ತಿಂಗಳ ನಂತರ, ತಿಳಿನೀಲಿ ಚೂಡಿದಾರ, ಉದ್ದ ಜಡೆ, ಟಿಫಿನ್ ಡಬ್ಬಿಗೆ ರಬ್ಬರ್ ಬ್ಯಾಂಡು. ಪಕ್ಕದ ಸ್ಟೂಲಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತ ಎಣಿಸುವಳು, ಒಂದೇ ಸೆಲ್ಲನ್ನು ಮೂರು ಸಲ, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ. ಲ್ಯಾಬಿನಲ್ಲಿ ಸ್ಪಿರಿಟ್ಟು ತಗುಲಿದರೆ ಇಂಕು ಕದಡಿ ಹೋಗುತ್ತದೆಂದು ಎಲ್ಲರೂ ಪೆನ್ಸಿಲಿನಲ್ಲೇ ಬರೆಯುವುದು. ಅವಳ ಪೆನ್ಸಿಲ್ ತುದಿ ಯಾವಾಗಲೂ ಸೂಜಿ. ಒಂದು ದಿನ ಮಧ್ಯಾಹ್ನ, "ಪುಟ್ಟಣ್ಣ, ಇದೊಂದು ನೋಡಿ ಕೊಡ್ತೀರಾ? ನಂಗೆ ನಲವತ್ತೇಳೇ ಬರ್ತಾ ಉಂಟು," ಎಂದಳು. ಅವನು ಎದ್ದು, ತೋಳು ಮಡಚಿ, ಎಂಟ್ರಿ ಮ್ಯೂಸಿಕ್ಕನ್ನು ಬಾಯಲ್ಲೇ ಬಾರಿಸುತ್ತ ಬಂದು, ಅವಳ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಆ ಸೆಲ್ಲು ಈಗಲೂ ಕಣ್ಣಿನಲ್ಲಿದೆ. ಅಂಗಳದಲ್ಲಿ ಯಾರೋ ಒಂದು ಹಿಡಿ ದಾರ ಬಿಸಾಕಿದ ಹಾಗೆ ದುಂಡಗೆ ಹರಡಿಕೊಂಡಿತ್ತು, ಒಂದರ ಮೈ ಒಂದಕ್ಕೆ ತಾಗದೆ. ಮೊದಲ ವಾರದ ಮೇಲೆ ಅವನು ಕೊನೆಯವರೆಗೆ ಎಣಿಸಿದ ಸೆಲ್ಲು ಅದೊಂದೇ ಇರಬೇಕು. ನಲವತ್ತೈದು, ನಲವತ್ತಾರು, ನಲವತ್ತೇಳು. ಆಮೇಲೆ ದಾರವಿರಲಿಲ್ಲ, ಬಿಳಿ ಬೆಳಕಿತ್ತು. ಅವಳ ಉಸಿರು ಕಿವಿಯ ಹತ್ತಿರ ಕಾಯುತ್ತಿತ್ತು. ನಲವತ್ತೇಳು ಎಂದರೆ ತನ್ನ ಐವತ್ತುಗಳ ಬಗ್ಗೆಯೂ ಯಾರಾದರೂ ಕೇಳಬಹುದು ಎಂದು ಅಷ್ಟು ಸ್ಪಷ್ಟವಾಗಿ ಯೋಚಿಸಿದನೆಂದೂ ಅಲ್ಲ. ಬಾಯಿ ಮುಂದೆ ಓಡಿತು, ಅಷ್ಟೆ. "ಐವತ್ತೈತೆ ಕಣಮ್ಮ ತಂಗಿ. ಕಣ್ಣು ದೇವ್ರು ಕೊಟ್ಟಿರೋದು ಕಾಡಿಗೆ ಹಚ್ಚಕ್ಕಲ್ಲ!" ಸಣ್ಣಸ್ವಾಮಿ ಸಿಳ್ಳೆ ಹಾಕಿದ. ಅವಳು ನಕ್ಕಳು, ಮತ್ತೆ ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು.

ಪಾಲಿಬೆಟ್ಟ ದಾಟಿದ ಮೇಲೆ ರಸ್ತೆಗೆ ನೆರಳು. ಆನೆ ಇದೆ ನಿಧಾನ ಎಂಬ ಬೋರ್ಡು ಬಂತು. ಒಂದು ಆನೆ ಅಡ್ಡ ಬಂದರೆ ಒಳ್ಳೆಯದಿತ್ತು, ವಾಪಸ್ ಹೋಗಬಹುದಿತ್ತು ಎಂದುಕೊಂಡ. ಆನೆಗಳು ಬೇಕಾದಾಗ ಬರುವುದಿಲ್ಲ. ಈ ವಿಷಯದಲ್ಲಿ ಸಿನಿಮಾದ ಪೊಲೀಸರೇ ವಾಸಿ, ಕ್ಲೈಮ್ಯಾಕ್ಸಿಗಾದರೂ ಬರುತ್ತಾರೆ. ಅವಳ ಕೊನೆಯ ದಿನ ಗಿಫ್ಟ್ ಕೊಡುವ ಐಡಿಯಾ ಅವನದೇ. ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಬೇಕಾಗಿ ಬಂದು, ಸರ್ ಪೆನ್ಸಿಲ್ ಜೋಡಿಸುತ್ತ, ಲೆಕ್ಕ ಸರಿ ಬರುವವನನ್ನು ಉಳಿಸಿಕೊಂಡಿದ್ದರು. ಬಣ್ಣದ ಕಾಗದ ಸುತ್ತಿದ ಡಬ್ಬಿ, ಒಳಗೆ ಅಂಗನವಾಡಿ ಮಕ್ಕಳು ಎಣಿಸಲು ಕಲಿಯುವ ಮಣಿಯ ಚೌಕಟ್ಟು, ಕೆಂಪು ಹಳದಿ ಹಸಿರು ಮಣಿ. ಅವಳು ಬಿಚ್ಚುವಾಗ ಫೋನಿನಲ್ಲಿ ಹಿಡಿದು, ಮೇಲೆ ತನ್ನ ದನಿ ಕೂಡಿಸಿ ಗ್ರೂಪಿಗೆ ಹಾಕಿದ್ದ: "ಐವತ್ತು ಬರೋವರ್ಗೂ ಇಂಟರ್ವೆಲ್ಲೇ ಇಲ್ಲ ತಂಗೀ!" ಎಪ್ಪತ್ತು ಜನ ನಗುವ ಮುಖ ಒತ್ತಿದ್ದರು. ವಿಡಿಯೋದಲ್ಲಿ ಅವಳೂ ನಗುತ್ತಾಳೆ. ಹನ್ನೊಂದನೇ ಸೆಕೆಂಡಿಗೆ ನಗು ನಿಲ್ಲುತ್ತದೆ, ಮುಖ ಖಾಲಿಯಾಗುತ್ತದೆ, ಹನ್ನೆರಡನೇ ಸೆಕೆಂಡಿಗೆ ಯಾರೋ ಜ್ಞಾಪಿಸಿದ ಹಾಗೆ ಮತ್ತೆ ನಗುತ್ತಾಳೆ. ಆ ಒಂದು ಸೆಕೆಂಡನ್ನು ಇವನು ಆಮೇಲೆ ಎಷ್ಟು ಸಲ ನೋಡಿದ್ದನೋ, ಅದನ್ನೂ ಎಣಿಸಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಿತಿಮತಿ ಪೇಟೆ ದಾಟಿ, ಫಾರೆಸ್ಟ್ ನರ್ಸರಿಯ ಪಕ್ಕದ ಮಣ್ಣು ದಾರಿ, ಹೆಂಚಿನ ಮನೆ, ಕಣದ ತುಂಬ ಒಣಹಾಕಿದ ಕಾಫಿ ಹಣ್ಣು, ಅದರ ಹುಳಿ ವಾಸನೆ. ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿದ. ರಶ್ಮಿತಾಳ ತಾಯಿ ವಿಮಲಮ್ಮ ಕೈಯಲ್ಲಿ ಉದ್ದ ಕೋಲು ಹಿಡಿದು ಕಾಫಿಯಿಂದ ಕೋಳಿ ಓಡಿಸುತ್ತಿದ್ದರು. "ಯಾರದು? ಲ್ಯಾಬಿನ ಪುಟ್ಟರಾಜುವಾ? ಅಯ್ಯೋ, ವಿಡಿಯೋದಲ್ಲಿ ಮಾತಾಡೂದು ನೀವೇ ಅಲ್ವಾ! ಬನ್ನಿ ಬನ್ನಿ, ರಶ್ಮೀ, ಯಾರು ಬಂದಿದ್ದಾರೆ ನೋಡು!" ಅವರು ನಿಜವಾಗಿಯೂ ಸಂತೋಷಪಟ್ಟರು. ಇವನ ಕಾಲು ಕಾಫಿ ಹಣ್ಣಿನ ಮೇಲೆ ಜಾರಿತು.

ಅವಳು ಹೊರಗೆ ಬಂದಳು. ಕನ್ನಡಕ ಹಾಕಿದ್ದಳು. ಜಡೆ ಅದೇ, ಕನ್ನಡಕ ಹೊಸದು, ಮೂಗಿನ ಎರಡೂ ಕಡೆ ಕೆಂಪು ಗುರುತು. "ಪುಟ್ಟಣ್ಣ! ಎಂಥ, ದಾರಿ ತಪ್ಪಿ ಬಂದದ್ದಾ?"

"ಕನ್ನಡಕ ಯಾವಾಗ ಬಂತು?"

"ಸರ್ ಹೇಳಿದ್ರಲ್ಲ. ಗೋಣಿಕೊಪ್ಪದಲ್ಲಿ ತೋರಿಸಿದೆ. ಡಾಕ್ಟ್ರು ಏನೂ ಇಲ್ಲಮ್ಮ ಅಂದ್ರು. ಇಲ್ಲ ಸರ್, ಉಂಟು, ನಂಗೆ ಕಮ್ಮಿ ಕಮ್ಮಿ ಕಾಣೂದು ಅಂದೆ. ಮತ್ತೆ ಕೊಟ್ರು." ಅವಳು ನಕ್ಕಳು. "ಹಾಕಿದ್ರೆ ಸ್ವಲ್ಪ ತಲೆ ಸುತ್ತುತ್ತೆ. ಅಭ್ಯಾಸ ಆಗ್ಬೇಕು."

ಗೋಣಿಕೊಪ್ಪದ ಒಂದು ರಕ್ತ ಪರೀಕ್ಷೆ ಲ್ಯಾಬಿಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಾಳಂತೆ. ಟ್ಯೂಬಿನ ಮೇಲೆ ಹೆಸರಿನ ಚೀಟಿ ಅಂಟಿಸುವ ಕೆಲಸ. ಸೆಲ್ ಎಣಿಸುವ ಮೈಕ್ರೋಸ್ಕೋಪು ಅಲ್ಲಿಯೂ ಇದೆ, ಆದರೆ ಸೇರುವಾಗಲೇ ಹೇಳಿಬಿಟ್ಟಳಂತೆ, ನಂಗೆ ಎಣಿಸೂದು ಮಾತ್ರ ಕೊಡ್ಬೇಡಿ, ಜನರ ಜೀವದ ವಿಷಯ ಅಂತ. ಅದನ್ನು ಹೇಳುವಾಗ ಅವಳ ಮುಖದಲ್ಲಿ ದೂರಿನ ಗೆರೆಯೂ ಇರಲಿಲ್ಲ. ಕುಂಟುವವರು ತಮ್ಮ ಕಾಲಿನ ಬಗ್ಗೆ ಹೇಳುವಂತೆ ಹೇಳಿದಳು. ಪುಟ್ಟರಾಜು ಜಗಲಿಯ ಬೆಂಚಿನ ಅಂಚಿನಲ್ಲಿ ಕೂತ. ಹೇಳಬೇಕಾದದ್ದು ಎರಡೇ ವಾಕ್ಯ. ದಾರಿಯುದ್ದಕ್ಕೂ ರೆಡಿ ಮಾಡಿಕೊಂಡು ಬಂದದ್ದು. ಈಗ ಬಾಯಿ ತೆರೆದರೆ ಯಾವ ಸಿನಿಮಾದ್ದೋ ಗೊತ್ತಿಲ್ಲದ ಬಿಜಿಎಮ್ಮು ಮಾತ್ರ ಒಳಗೆ ಗುಂಯ್‌ಗುಟ್ಟುತ್ತಿತ್ತು. ವಿಮಲಮ್ಮ ಕಾಫಿ ತಂದರು, ಬೆಲ್ಲದ ಕಾಫಿ, ಜೊತೆಗೆ ಒಂದು ತಟ್ಟೆ ಬಾಳೆಕಾಯಿ ಚಿಪ್ಸು. "ತಿನ್ನಿ. ಇವಳನ್ನ ತುಂಬ ನಗಿಸ್ತಿದ್ರಂತಲ್ಲ ನೀವು," ಎಂದರು. ಆಮೇಲೆ ಅಂಗಳದ ಕಡೆ ತಿರುಗಿ ಬಾ ಬಾ ಬಾ ಎಂದು ಕರೆದು ಒಂದು ಹಿಡಿ ನುಚ್ಚು ಎಸೆದರು. ಕೋಳಿಗಳು ಮೂಲೆಮೂಲೆಯಿಂದ ಓಡಿಬಂದು ಮುಗಿಬಿದ್ದವು.

"ಎಲ್ಲ ಬಂದೋ ನೋಡೇ," ಎಂದರು.

ರಶ್ಮಿತಾಳ ತುಟಿ ಅಲ್ಲಾಡಿತು. ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿ ನೋಡಿ ಗೊತ್ತಿದ್ದ ತುಟಿ. "ಹದಿಮೂರು," ಎಂದಳು.

"ಹದಿನಾಲ್ಕು ಉಂಟು. ಬೆಳಗ್ಗೆ ನಾನೇ ಬಿಟ್ಟದ್ದು. ಇವಳ ಹತ್ರ ಕೇಳಿದ್ದು ನನ್ನ ತಪ್ಪು." ವಿಮಲಮ್ಮ ಇವನತ್ತ ನೋಡಿ ಕಣ್ಣು ಮಿಟುಕಿಸಿದರು. ಇವನೂ ಈ ತಮಾಷೆಯ ಪಾಲುದಾರನಲ್ಲವೇ. "ನಮ್ಮ ರಶ್ಮಿಗೆ ಎಲ್ಲ ಬರ್ತದೆ, ಎಣಿಸಲಿಕ್ಕೆ ಮಾತ್ರ ಬರೂದಿಲ್ಲ."

"ಹ್ಞಾ, ಹದಿನಾಲ್ಕೇ ಇರ್ಬೋದು ಅಮ್ಮ," ಎಂದಳು ರಶ್ಮಿತಾ.

ಅವನು ಎಣಿಸಿದ. ಎಣಿಸಬಾರದು ಎಂದುಕೊಂಡರೂ ಕಣ್ಣು ತಾನೇ ಎಣಿಸಿತು. ಕೆಂಪು ಐದು, ಕಪ್ಪು ನಾಲ್ಕು, ಬಿಳಿ ಮೂರು, ಒಂದು ಬೋಳುಕತ್ತಿನ ಹುಂಜ. ಇನ್ನೊಮ್ಮೆ ಎಣಿಸಿದ. ಹದಿನಾಲ್ಕನೆಯದರ ಜಾಗದಲ್ಲಿ ಬರಿ ಬಿಸಿಲಿತ್ತು. ಹದಿಮೂರು ಐತಮ್ಮ ಎನ್ನುವುದು ಎಷ್ಟು ಸುಲಭ; ಕೋಳಿ ತಾನೆ, ಯಾರ ಕೆಲಸವೂ ಹೋಗುವುದಿಲ್ಲ. ಚಿಪ್ಸು ಬಾಯಲ್ಲಿ ಸದ್ದು ಮಾಡಿತು. ಅವನು ಅಗಿಯುವುದನ್ನು ನಿಲ್ಲಿಸಿ ಸದ್ದಿಲ್ಲದೆ ನುಂಗಿದ. ವಿಮಲಮ್ಮ ನಿಶ್ಚಿಂತೆಯಿಂದ ಕೋಲು ಹಿಡಿದು ಹಿತ್ತಲಿಗೆ ಹೋದರು. ಕಾಡಿನ ಅಂಚಿನಲ್ಲಿ ಕಾಣೆಯಾದ ಆ ಒಂದು ಕೋಳಿಯನ್ನು ಹುಡುಕಲು ಯಾರೂ ಹೋಗಲಿಲ್ಲ.

"ಸರ್ ಕಳಿಸಿದ್ರು," ಎಂದ ಕೊನೆಗೆ. "ನಿನ್ನ ರಫ್ ಬುಕ್ಕು ಬೇಕಂತೆ."

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ರಿಸಲ್ಟಿನ ಪಟ್ಟಿಯಲ್ಲಿ ತನ್ನ ನಂಬರು ಸಿಕ್ಕಿದ ಮಗುವಿನ ಹಾಗೆ. "ನಂಗೆ ಗೊತ್ತಿತ್ತು ಕೇಳ್ತಾರೆ ಅಂತ. ಒಂದು ನಿಮಿಷ." ಒಳಗೆ ಓಡಿದಳು. ಅವಳು ಹೊತ್ತು ತಂದದ್ದು ಎರಡು ವಸ್ತು: ನೀಲಿ ರಟ್ಟಿನ ಪುಸ್ತಕ, ಅದರ ಮೇಲೆ ಕೆಂಪು ಹಳದಿ ಹಸಿರು ಮಣಿಯ ಚೌಕಟ್ಟು. "ಇದು ಉಪಯೋಗ ಆಯ್ತು ಪುಟ್ಟಣ್ಣ, ಸುಳ್ಳಲ್ಲ," ಎಂದಳು, ಮಣಿಗಳನ್ನು ಬೆರಳಿನಿಂದ ಒಂದು ಕಡೆ ತಳ್ಳಿ. "ನೋಡಿ ನೀವೇ."

ಅವನು ಪುಸ್ತಕ ತೆರೆದ. ದಿನಾಂಕ, ಮೀನಿನ ನಂಬರು, ಸ್ಲೈಡಿನ ನಂಬರು, ಅವಳ ಸೂಜಿ ಮೊನೆಯ ಅಕ್ಷರ. ಕೊನೆಯ ಕಾಲಮ್ಮಿನಲ್ಲಿ 50. ಅದರ ಕೆಳಗೆ 50. ಪುಟ ತಿರುವಿದ. 50, 50, 50. ಇನ್ನೊಂದು ಪುಟ. ಕೊನೆಯ ಕಾಲಮ್ಮು ಇದ್ದಕಡೆಯೆಲ್ಲ ಕಾಗದ ಸವೆದು, ನಾರು ಎದ್ದು, ಹತ್ತಿಯ ಹಾಗೆ ಮೆತ್ತಗಾಗಿತ್ತು. ರಬ್ಬರಿನ ಪುಡಿ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಐವತ್ತರ ಅಡಿಯಲ್ಲಿ ಏನೋ ಒಂದು ಕಚ್ಚು ಕಾಣುತ್ತಿತ್ತು, ನಾಲ್ಕರ ಕಾಲು ಇರಬಹುದು, ಏಳರ ತಲೆ ಇರಬಹುದು, ಏನೂ ಇಲ್ಲದಿರಬಹುದು.

"ಎರಡು ತಿಂಗಳು ಹಿಡೀತು," ಅವಳು ಹೇಳುತ್ತಿದ್ದಳು. "ಸಂಜೆ ಸಂಜೆ ಕೂತು. ನೀವು ಅವತ್ತು ಐವತ್ತೈತೆ ಅಂದ್ರಲ್ಲ, ಹಾಗಾದ್ರೆ ನಲವತ್ತೇಳು ಕಂಡ್ರೆ ಮೂರು ಎಲ್ಲಿಯೋ ಅಡಗಿದೆ ಅಂತ ಅರ್ಥ. ಒಂದೊಂದು ಸೆಲ್ಲೂ ನಂಗೆ ನೆನಪುಂಟು ಪುಟ್ಟಣ್ಣ, ಹೇಗಿತ್ತು ಅಂತ. ಕಣ್ಣು ಮುಚ್ಚಿ ಜ್ಞಾಪಿಸ್ಕೊಂಡು, ಮಣಿ ಇಟ್ಟು, ಎಲ್ಲಿ ಅಡಗಿರ್ಬೋದು ಅಂತ ಹುಡ್ಕಿ ಹುಡ್ಕಿ ತಿದ್ದಿದ್ದು. ಸರ್‌ಗೆ ಹೇಳಿ, ಬೇಜಾರಿಲ್ಲ ಅಂತ. ತಿದ್ದಿದ್ದಾಳೆ ಅಂತ ಹೇಳಿ. ಈಗ ಸರಿ ಉಂಟಲ್ಲ?"

ಪುಸ್ತಕದ ಭಾರವೇ ಗೊತ್ತಾಗಲಿಲ್ಲ. ಸರ್ ಈಗ ಕಿಟಕಿ ನೋಡುತ್ತ ಕೂತಿರುತ್ತಾರೆ. ಲೋಕದಲ್ಲಿ ಆ ಗೆಂಡೆಗಳ ತಲೆಯನ್ನು ನೆಟ್ಟಗೆ ನೋಡಿದ್ದು ಒಬ್ಬಳೇ ಹುಡುಗಿ, ಆ ನೋಟ ಬರೆದಿಟ್ಟದ್ದು ಈ ಒಂದೇ ಪುಸ್ತಕ, ಅದನ್ನು ಅವಳ ಕೈಯಿಂದಲೇ ಉಜ್ಜಿಸಿದ್ದು ತಾನು ಒಂದು ಮಧ್ಯಾಹ್ನ ಸಿಳ್ಳೆಗೋಸ್ಕರ ಬಿಟ್ಟ ಒಂದು ಡೈಲಾಗು. ಕಳವಾಗಿದ್ದರೆ ತಂದುಕೊಡಬಹುದಿತ್ತು. ಸುಟ್ಟಿದ್ದರೆ ಬೂದಿಯಾದರೂ ಇರುತ್ತಿತ್ತು. ಇಲ್ಲಿ ಎಲ್ಲ ಸಾಲಾಗಿ, ಅಂದವಾಗಿ, ಸರಿಯಾಗಿ ಇತ್ತು.

"ರಶ್ಮಿತಾ," ಎಂದ. "ನಿಂದೇ ಸರಿ ಇತ್ತು."

"ಎಂಥ?"

"ನಲವತ್ತೇಳೇ ಇತ್ತು. ನಂಗೂ ಅವತ್ತು ನಲವತ್ತೇಳೇ ಕಂಡಿದ್ದು. ನಾನು ಒಂದೂ ಎಣಿಸಿಲ್ಲ. ಎಲ್ಲ ಸುಮ್ನೆ ಬರ್ಕೊಂಡಿದ್ದು." ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಆದರೆ ಇಷ್ಟು ವರ್ಷ ಒಂದೇ ಹಳಿಯ ಮೇಲೆ ಓಡಿದ ನಾಲಿಗೆ. ದುಃಖವಾದರೂ ಅದೇ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತದೆ. ದನಿ ತಾನಾಗಿ ಇಳಿಯಿತು, ನಡುವೆ ಒಂದು ಗ್ಯಾಪು ಬಂತು, ಕೈ ಎದೆಯ ಮೇಲೆ ಬಂತು. "ತಪ್ಪು ಮಾಡಿದ್ದು ನಿನ್ನ ಕಣ್ಣಲ್ಲ ತಂಗಿ... ಈ ಅಣ್ಣನ ಕೈ!" ಬಾಯಿಂದ ಬಿದ್ದ ಮೇಲೆ ಅದು ಅವನ ಕಿವಿಗೇ ಕೇಳಿಸಿತು. ತಾಳ, ತೂಕ, ಎಲ್ಲ ಪಕ್ಕಾ.

ರಶ್ಮಿತಾ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಫಕ್ಕನೆ ನಕ್ಕುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದು, ಬೆಂಚಿಗೆ ಒರಗಿ, ಕಣ್ಣಿನಲ್ಲಿ ನೀರು ಬರುವಷ್ಟು. "ಅಯ್ಯೋ ದೇವ್ರೇ! ಒಂದು ನಿಮಿಷ ನಂಬಿಯೇಬಿಟ್ಟಿದ್ದೆ. ಎಂಥ ಆಕ್ಟಿಂಗ್ ಪುಟ್ಟಣ್ಣ! ಫೋನೆಲ್ಲಿ? ಎಲ್ಲಿ ಇಟ್ಟಿದ್ದೀರಿ?"

"ಫೋನಿಲ್ಲ. ನಿಜ ಹೇಳ್ತಿದೀನಿ."

"ಹೋದ ಸಲವೂ ಹಾಗೇ ಹೇಳಿದ್ದು. ಜೇಬಲ್ಲಿ ಉಂಟಲ್ಲ, ಕಾಣ್ತದೆ." ಅಂಗಿಯ ಜೇಬು ಉಬ್ಬಿತ್ತು. ಅದರಲ್ಲಿದ್ದದ್ದು ಎಣಿಕೆ ಯಂತ್ರ, ಎರಡು ವರ್ಷದಿಂದ ಸೊನ್ನೆ ಬಿಟ್ಟು ಕದಲದ್ದು. ತೆಗೆದು ತೋರಿಸಲೆಂದು ಕೈ ಎತ್ತಿದರೆ ಅವಳು, "ಬೇಡ ಬೇಡ, ಅಲ್ಲೇ ಇರಲಿ, ತಡೀರಿ," ಎಂದು ಕನ್ನಡಕ ತೆಗೆದಳು, ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು, ದುಪ್ಪಟ್ಟಾ ಎಳೆದುಕೊಂಡಳು. ನೆಟ್ಟಗೆ ನಿಂತು, ಅವನ ಮುಖ ಬಿಟ್ಟು ಅವನ ಜೇಬನ್ನು ನೋಡಿ ಮುಗುಳ್ನಕ್ಕಳು. ಈ ಸಲ ಹನ್ನೊಂದನೇ ಸೆಕೆಂಡಿನಲ್ಲಿ ಎಡವಬಾರದು ಎಂದು ತೀರ್ಮಾನಿಸಿದವಳ ನಗು. "ಹ್ಞಾ, ಈಗ ಹೇಳಿ. ಗ್ರೂಪಿಗೆ ಹಾಕೂದಲ್ವಾ? ನಾನು ಎಂಥ ಮಾಡ್ಬೇಕು ಈಗ? ಅಳ್ಬೇಕಾ?"

ಅವನ ಬಾಯಿ ತೆರೆದೇ ಇತ್ತು. ಅಳಬೇಡ ಎನ್ನಬೇಕಿತ್ತು. ಯಾವ ದನಿಯಲ್ಲಿ ಎಂದರೆ ಅದು ಡೈಲಾಗ್ ಆಗುವುದಿಲ್ಲ ಎಂದು ಹುಡುಕುತ್ತಿದ್ದ, ಇದ್ದಬದ್ದ ದನಿಯನ್ನೆಲ್ಲ ಮಗುಚಿ ಹಾಕಿ ಹುಡುಕುತ್ತಿದ್ದ, ತನ್ನದು ಅಂತ ಒಂದು ಇದ್ದೀತೇ ಎಂದು. ಅಷ್ಟರಲ್ಲಿ ಗೇಟಿನಾಚೆ, ಬೈಕಿನ ಟ್ಯಾಂಕಿನ ಮೇಲೆ, ಹೀರೋ ಎಂಟ್ರಿಯ ತಮಟೆ ಶುರುವಾಯಿತು. ಡಂಡಣಕ ಡಂಡಣಕ. ಅವನ ರಿಂಗ್‌ಟೋನು. ಸರ್ ಇರಬೇಕು, ಪುಸ್ತಕ ಸಿಕ್ಕಿತಾ ಎಂದು ಕೇಳಲು. ಕೋಳಿಗಳು ಬೆದರಿ ಚೆದುರಿದವು. ಹಿತ್ತಲಿನಿಂದ ವಿಮಲಮ್ಮ ಕೂಗಿದರು, "ಯಾರದ್ದೋ ಫೋನು ಬೈಕಲ್ಲಿ ಹೊಡ್ಕೊಳ್ತಾ ಉಂಟು ನೋಡಿ!"

ರಶ್ಮಿತಾಳ ನಗು ಮುಖದ ಮೇಲೆ ಇನ್ನೂ ಇತ್ತು. ಇಳಿಯಲು ದಾರಿ ಗೊತ್ತಿಲ್ಲದೆ ಅಲ್ಲೇ ನಿಂತಿತ್ತು. ಅವಳು ಗೇಟಿನತ್ತ ನೋಡಿದಳು, ಅವನ ಜೇಬನ್ನು ನೋಡಿದಳು, ಅವನ ಕೈಯಲ್ಲಿ ತೆರೆದೇ ಇದ್ದ ಪುಸ್ತಕವನ್ನು ನೋಡಿದಳು. ಸವೆದ ಕಾಲಮ್ಮಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದಳು. ತಮಟೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಶುರುವಾಯಿತು. ಅವನು ಎದ್ದು ಹೋಗಿ ಅದನ್ನು ನಿಲ್ಲಿಸಲೂ ಇಲ್ಲ.

"ಹಾಗಾದ್ರೆ ಪುಟ್ಟಣ್ಣ," ಎಂದಳು ಅವಳು, ಅಮ್ಮನಿಗೆ ಕೇಳಿಸದಂತೆ ದನಿ ತಗ್ಗಿಸಿ, "ಕೋಳಿ ಹದಿಮೂರೇನಾ?"